ಒಟ್ಟಿಗೇ ವಾಲಿದ ಸೆನ್ಸರುಗಳು

ಅಹಮದಾಬಾದಿನ ಬೇಸಿಗೆಯಲ್ಲಿ ಮನುಷ್ಯರು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗುತ್ತಾರೆ. ನಮ್ಮ ಲ್ಯಾಬಿನಲ್ಲಿ ಕಾಂತಕ್ಷೇತ್ರ ಅಳೆಯುತ್ತಿದ್ದ ಸೆನ್ಸರಿಗೆ ಆ ಸೌಲಭ್ಯವಿರಲಿಲ್ಲ. ಅದು ಮೇಜಿನ ಮೇಲೆ ಅಲ್ಲಾಡದೆ ಕೂತಿರುತ್ತಿತ್ತು, ಸುತ್ತಲಿನ ಕ್ಷೇತ್ರವೂ ಹೆಚ್ಚುಕಮ್ಮಿ ಹಾಗೇ ಇರುತ್ತಿತ್ತು. ಬಿಸಿಲೇರಿದಂತೆ ಅಂಕಿ ಮಾತ್ರ ಮೆಲ್ಲಗೆ ಮೇಲಕ್ಕೆ ವಾಲುತ್ತಿತ್ತು. ವಾಲುವುದು ನಿಲ್ಲದಿದ್ದರೆ ನಿಮ್ಮ ಸೆನ್ಸರ್ ಪೆಟ್ಟಿಗೆ ಉಪಗ್ರಹದಲ್ಲಿ ಹೋಗುವುದಿಲ್ಲ ಎಂದು ಪರಿಶೀಲನಾ ಸಮಿತಿ ಹೇಳಿತ್ತು. ನನ್ನ ವರ್ಷಗಟ್ಟಲೆಯ ಕೆಲಸವೆಲ್ಲ ಆ ಪೆಟ್ಟಿಗೆಯೊಳಗಿತ್ತು. ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಮೊದಲು ಅಂಥದ್ದೇ ಇನ್ನೊಂದು ಸೆನ್ಸರನ್ನು ಪಕ್ಕದಲ್ಲಿಟ್ಟು ಎರಡರ ಸರಾಸರಿ ತೆಗೆದೆ. ಎರಡೂ ಒಂದೇ ಸೆಖೆಗೆ ಒಂದೇ ಕಡೆ ವಾಲಿದವು. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ. ಅಂಕಿ ತಪ್ಪೇ ಇತ್ತು, ಅದರ ಧೈರ್ಯ ಮಾತ್ರ ಇಮ್ಮಡಿಯಾಗಿತ್ತು.

ಕೊನೆಗೆ ಬೇರೆಯೇ ಜಾತಿಯದೊಂದನ್ನು ತಂದೆ. ಅದು ನಿಧಾನಿ. ಮೊದಲನೆಯದು ನೂರು ಮಾತಾಡುವಷ್ಟರಲ್ಲಿ ಇದು ಒಮ್ಮೆ ಬಾಯಿಬಿಡುತ್ತದೆ, ಆದರೆ ಸೆಖೆಗೆ ಜಗ್ಗುವುದಿಲ್ಲ. ಕ್ಷಣಕ್ಷಣದ ಸುದ್ದಿಗೆ ಚುರುಕಿನದನ್ನು ನಂಬುವುದು, ನಿಧಾನಿ ಬಾಯಿಬಿಟ್ಟಾಗಲೆಲ್ಲ ಲೆಕ್ಕವನ್ನು ಅದರ ಕಡೆಗೆ ಸ್ವಲ್ಪವೇ ಎಳೆದುಕೊಳ್ಳುವುದು, ಇಷ್ಟೇ ಉಪಾಯ. ಜಾಸ್ತಿ ಎಳೆದರೆ ಪರದೆಯ ಮೇಲೆ ಅಂಕಿಯ ಗೆರೆ ನಡುಗುತ್ತದೆ, ಕಡಿಮೆ ಎಳೆದರೆ ಮತ್ತೆ ವಾಲುತ್ತದೆ. ಈ ಹದ ಹುಡುಕುವ ಗಲಾಟೆಯಲ್ಲಿ, ಹಾಸನದಲ್ಲಿ ಅಣ್ಣನ ಮನೆಯಲ್ಲಿರುವ ಅಮ್ಮನಿಗೆ ಭಾನುವಾರ ಫೋನ್ ಮಾಡುವುದನ್ನೇ ಬಿಟ್ಟಿದ್ದೆ.

ಸಮಿತಿಯ ಮುಂದೆ ಮಧ್ಯಾಹ್ನವಿಡೀ ಗೆರೆ ನೆಟ್ಟಗೆ ಹೋಯಿತು. ಅಧ್ಯಕ್ಷರು ಕನ್ನಡಕ ತೆಗೆದು "ಸರಸ್" ಎಂದರು. ಚೆನ್ನಾಗಿದೆ ಎನ್ನಲು ಗುಜರಾತಿಗಳಿಗೆ ಈ ಒಂದು ಮಾತು ಸಾಕು, ಊಟಕ್ಕೂ ಅದೇ, ಮದುವೆಗೂ ಅದೇ. ಪೆಟ್ಟಿಗೆ ಹೋಗುವುದು ಖಾತ್ರಿಯಾಯಿತು. ಖುಷಿಗೆ ಕಣ್ಣು ತುಂಬಿತು. ಕಣ್ಣಿಗೆ ಧೂಳು ಬಿತ್ತು ಎಂದು ಹೇಳಿದೆ.

ಸಮಿತಿಯ ಸುದ್ದಿಯನ್ನು ದಾರಿಯಿಂದಲೇ ಹೆಂಡತಿಗೆ ಹೇಳಿದ್ದೆ. ಮನೆಗೆ ಬಂದವನೇ ಅಮ್ಮನಿಗೆ ಫೋನ್ ಮಾಡಿ, ಹೆಂಡತಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

"ಅಮ್ಮಾ, ಇವತ್ತು ಆಫೀಸಲ್ಲಿ ತುಂಬಾ ಸರಸ್ ಆಯ್ತು!"

ಅಮ್ಮ ಯಾವತ್ತೂ ತಡೆದು ಮಾತಾಡುವವಳು. ಈ ಸಲ ಇನ್ನೂ ತಡೆದಳು.

"ಈ ವಯಸ್ಸಲ್ಲಿ, ಆಫೀಸಲ್ಲಿ, ಯಾರ್ ಜೊತೆನೋ ನಿಂದು ಸರಸ? ಹೆಂಡ್ತಿಗೆ ಗೊತ್ತಾ?"

ಆಗ ನನಗೆ ಹೊಳೆಯಿತು. ನಾಚಿಕೆಯಿಂದ ಹೆಂಡತಿಯ ಮುಖ ನೋಡಿದೆ. ಅವಳೂ ಹಾಸನದವಳೇ, ನನ್ನಷ್ಟೇ ವರ್ಷ ಈ ಊರಿನ ಬಿಸಿಲು ಕಂಡವಳು. ಅವಳು ಫೋನಿನ ಹತ್ತಿರ ಬಗ್ಗಿ ಸಂಭ್ರಮದಿಂದ ಹೇಳಿದಳು:

"ಗೊತ್ತು ಅತ್ತೆ, ಬಹಳ ಸರಸ್ ಆಯ್ತಂತೆ. ಸಮಿತಿಯವ್ರೆಲ್ಲ ಕೂತು ನೋಡಿದ್ರಂತೆ."