ಹಿಪ್ ಆಗಲು ಹೊರಟ ಇಸ್ತ್ರಿಯವನು

ಲೂಶಿಯಸ್ ಪೆಟ್ವೇ ಹೆಸರೆತ್ತಿದರೆ ಕರಿಯರ ಕೇರಿಯಾದ ಹಾರ್ಲೆಮ್‌ನ ನಮ್ಮ ಬೀದಿಯಲ್ಲಿ ಇವತ್ತಿಗೂ ಕೆಲವರು ಕಿಸಕ್ಕೆಂದು ನಗುತ್ತಾರೆ. ನಗಲಿ ಬಿಡಿ. ಅವರಿಗೆ ಗೊತ್ತಿರುವುದು ಅರ್ಧ ಕಥೆ. ಆ ಈಸ್ಟರ್ ಭಾನುವಾರ ನಾನು ಅಲ್ಲೇ ಹತ್ತಿರದಲ್ಲಿ ನಿಂತಿದ್ದೆ, ನಡೆದದ್ದನ್ನೆಲ್ಲ ಕಣ್ಣಾರೆ ಕಂಡೆ. ಅದನ್ನು ನೆನೆದರೆ ಈಗಲೂ ನಾಚಿಕೆಯಿಂದ ನನ್ನ ಮುಖ ಬಿಸಿಯಾಗುತ್ತದೆ.

ಲೆನಾಕ್ಸ್ ಅವೆನ್ಯೂನಲ್ಲಿ ನನ್ನದು ಹೆಂಗಸರ ಕೂದಲು ತಿದ್ದುವ ಅಂಗಡಿ. ಪಕ್ಕದ ಗೋಡೆಯಾಚೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಬೆಯಲ್ಲಿ ಬೇಯುತ್ತಿದ್ದವನು ಲೂಶಿಯಸ್. ಅಲಬಾಮಾದ ಹತ್ತಿ ಹೊಲದಿಂದ ಬಂದವನು. ಹೆಂಡತಿ ತೀರಿಕೊಂಡಾಗ ಮಗಳು ವರ್ಡೆಲ್ ಇನ್ನೂ ಸಣ್ಣ ಕೂಸು. ಮರುಮದುವೆಯ ಮಾತೆತ್ತಿದವರಿಗೆ ‘ಆಯ್ತು, ನೋಡೋಣ’ ಎಂದು ಹೇಳಿ ಹೇಳಿಯೇ ಕೂದಲು ಬೆಳ್ಳಗಾಯಿತು. ಊರಿನವರ ಬಟ್ಟೆಯೆಲ್ಲ ಗರಿಗರಿ ಮಾಡುತ್ತಿದ್ದ ಈ ಮನುಷ್ಯನಿಗೆ ಸ್ವಂತಕ್ಕೆಂದು ಇದ್ದದ್ದು ಕಂದು ಬಣ್ಣದ ಒಂದು ಕೋಟು, ಅದೂ ಮೊಣಕೈಯಲ್ಲಿ ಮಿರಮಿರ ಸವೆದದ್ದು.

ಬೇರೆ ಅಂಗಡಿಯ ಇಸ್ತ್ರಿಯವರ ಗುಟ್ಟು ನಮಗೆಲ್ಲ ಗೊತ್ತಿತ್ತು. ಶನಿವಾರ ಬಂತೆಂದರೆ ಗಿರಾಕಿಯ ಸೂಟು ತೊಟ್ಟು ಕುಣಿಯಲು ಹೋಗುವುದು, ಸೋಮವಾರ ಮತ್ತೆ ಇಸ್ತ್ರಿ ಹಾಕಿ ಏನೂ ಆಗದವರಂತೆ ತೂಗುಹಾಕುವುದು. ಲೂಶಿಯಸ್ ಅಂಥ ಕೆಲಸಕ್ಕೆ ಕೈಹಾಕಿದವನಲ್ಲ. ಅವನ ಅಂಗಡಿಯ ಹಿಂದುಗಡೆಯ ಸಾಲಿನಲ್ಲಿ ಎರಡನೇ ಮಹಾಯುದ್ಧಕ್ಕೆ ಹೋದ ಹುಡುಗರು ಬಿಟ್ಟುಹೋದ ಸೂಟುಗಳಿದ್ದವು. ಕೆಲವರು ಬಂದು ಒಯ್ದರು. ಬಾರದವರ ಸೂಟುಗಳನ್ನು ಅವನು ವರ್ಷವರ್ಷವೂ ಚಳಿಗಾಲ ಮುಗಿದ ಮೇಲೆ ಹೊರತೆಗೆದು, ಬ್ರಷ್ ಮಾಡಿ, ಗಾಳಿಗೆ ಹಿಡಿದು, ಹೊಸದಾಗಿ ಇಸ್ತ್ರಿ ಹಾಕಿ, ಮತ್ತೆ ಅದೇ ಜಾಗದಲ್ಲಿ ತೂಗುಹಾಕುತ್ತಿದ್ದ.

“ಏನ್ರೀ ಮಿಸ್ಟರ್ ಪೆಟ್ವೇ, ಹೋದೋರ ಬಟ್ಟೆಗೆ ಇಷ್ಟು ಉಪಚಾರ?” ಎಂದು ನಾನು ಕೆಣಕಿದರೆ, “ನಂಬಿ ಬಿಟ್ಟು ಹೋಗಿದ್ದಾರೆ ಮಿಸ್ ಝೆಲ್ಮಾ. ನಾಳೆ ಬಂದು ಕೇಳಿದ್ರೆ ಸುಕ್ಕಾಗಿರೋದನ್ನ ಕೊಡೋಕಾಗುತ್ತಾ?” ಎನ್ನುತ್ತಿದ್ದ.

ಅದರಲ್ಲೊಂದು ರೋಸ್ಕೋ ಕ್ರಂಪ್ಟನ್‌ನ ಸೂಟು. ತಿಳಿನೀಲಿ ಬಣ್ಣ, ಮೊಣಕಾಲು ಮುಟ್ಟುವ ಕೋಟು, ಬಾಗಿಲಗಲದ ಭುಜ, ಮೇಲೆ ಉಬ್ಬಿ ಪಾದದ ಹತ್ತಿರ ಬಿಗಿಯಾಗುವ ಪ್ಯಾಂಟು. ಯುದ್ಧದ ಮೊದಲ ವರ್ಷಗಳ ಝೂಟ್ ಸೂಟು. ಹುಡುಗ ಅದನ್ನು ಕೊಟ್ಟು ಹಡಗು ಹತ್ತುವಾಗ, “ಹಾರ್ಲೆಮ್‌ನಲ್ಲಿ ಇದಕ್ಕಿಂತ ಹಿಪ್ ಆದ ಸೂಟಿಲ್ಲ, ಹುಷಾರಾಗಿ ನೋಡ್ಕೊಳ್ಳಿ” ಎಂದು ಹೇಳಿಹೋಗಿದ್ದ. ಹಡಗು ಮುಳುಗಿತು. ತಂತಿ ಬಂತು, ಹೆಣ ಬರಲಿಲ್ಲ. ಅವನ ತಾಯಿ, ಚರ್ಚಿನ ಹೆಂಗಸರನ್ನು ನಾವು ಕರೆಯುವ ರೂಢಿಯಂತೆ ಸಿಸ್ಟರ್ ಕ್ರಂಪ್ಟನ್, ಪ್ರತಿ ಈಸ್ಟರ್‌ಗೆ ಮುಂಚೆ ಅಂಗಡಿಗೆ ಬಂದು ಬಾಗಿಲಲ್ಲೇ ನಿಂತು, “ಬಂದಿದ್ನಾ?” ಎಂದು ಕೇಳುತ್ತಿದ್ದಳು. “ಇನ್ನೂ ಇಲ್ಲ ಸಿಸ್ಟರ್” ಎಂದರೆ, “ಇರಲಿ ಬಿಡಿ, ಬಂದು ತಗೋತಾನೆ” ಎಂದು ಹೊರಟುಹೋಗುತ್ತಿದ್ದಳು. ಅವಳಿಗೆ ಎದುರಾಡಲು ನಮ್ಮಲ್ಲಿ ಯಾರಿಗೂ ನಾಲಗೆ ಬರಲಿಲ್ಲ.

ಇನ್ನು ಆ ಪದದ ವಿಷಯ. ಹಿಪ್ ಎಂಬುದು ನಮ್ಮ ಕರಿಯ ಜನ ಹುಟ್ಟಿಸಿ, ಸಾಕಿ, ದೊಡ್ಡದು ಮಾಡಿದ ಮಾತು. ಕಹಳೆ ಊದುವವನಿಗೂ ಅನ್ನುತ್ತಿದ್ದೆವು, ಟೋಪಿಗೂ ಅನ್ನುತ್ತಿದ್ದೆವು, ಆ ಟೋಪಿಯನ್ನು ಓರೆ ಮಾಡುವ ಬಗೆಗೂ ಅನ್ನುತ್ತಿದ್ದೆವು. ‘ಅದು ನನಗೆ ತಿಳಿದಿದೆ’ ಎನ್ನುವ ಬದಲು ‘ಅದಕ್ಕೆ ನಾನು ಹಿಪ್’ ಎನ್ನುವವರೂ ಇದ್ದರು. ಹಿಪ್ ಅಲ್ಲದವನು ಸ್ಕ್ವೇರ್, ಅಂದರೆ ನಾಲ್ಕು ಮೂಲೆಯ ಪೆಟ್ಟಿಗೆ, ಎತ್ತ ಉರುಳಿಸಿದರೂ ಉರುಳದವನು. ವರ್ಡೆಲ್ ಕಾಲೇಜು ಸೇರಿದ್ದೇ ತಡ, ಅವಳ ಬಾಯಲ್ಲಿ ಈ ಎರಡು ಮಾತು ಬಿಟ್ಟು ಮೂರನೆಯದಿರಲಿಲ್ಲ. ಡಾಕ್ಟರ ಮಗಳು, ಪಾದ್ರಿಯ ಮಗ, ಇಂಥವರ ಜೊತೆ ಓಡಾಟ. ಹುಡುಗರಿಗೆ ಕಪ್ಪು ಬಿಗಿ ಕೋಟು, ತಲೆಗೆ ಚಪ್ಪಟೆ ಉಣ್ಣೆ ಟೋಪಿ, ಕಣ್ಣಿಗೆ ದಪ್ಪ ಚೌಕಟ್ಟಿನ ಕನ್ನಡಕ. ಕಣ್ಣು ಸರಿಯಿದ್ದವನೂ ಹಾಕುತ್ತಿದ್ದ, ಕೇಳಬೇಡಿ!

ಈಸ್ಟರ್ ಮಧ್ಯಾಹ್ನ ಚರ್ಚು ಬಿಟ್ಟ ಮೇಲೆ ಸೆವೆಂತ್ ಅವೆನ್ಯೂನಲ್ಲಿ ಇಡೀ ಹಾರ್ಲೆಮ್ ಹೊಸ ಬಟ್ಟೆ ತೊಟ್ಟು ಅಡ್ಡಾಡುತ್ತದೆ. ವರ್ಡೆಲ್ ನಡೆಯಲು ಕಲಿತಂದಿನಿಂದ ಅಪ್ಪನ ಕೈಹಿಡಿದೇ ಅಲ್ಲಿ ತಿರುಗಿದವಳು. ವರ್ಷವೆಲ್ಲ ಹಬೆ ಕುಡಿಯುತ್ತಿದ್ದ ಅವನಿಗೆ ಅದೊಂದೇ ಹಬ್ಬ. ಆ ವರ್ಷ ಅವಳು ನನ್ನ ಅಂಗಡಿಯಲ್ಲಿ ಕೂದಲು ಮಾಡಿಸಿಕೊಳ್ಳುತ್ತಾ ಕೂತಿದ್ದಾಗ ಅಪ್ಪ ಬಾಗಿಲಿಗೆ ಬಂದು, “ಭಾನುವಾರ ಎಷ್ಟು ಹೊತ್ತಿಗೆ ಹೊರಡೋಣ ಮಗಳೇ?” ಎಂದ.

“ಈ ಸಲ ಫ್ರೆಂಡ್ಸ್ ಜೊತೆ ಹೋಗ್ತೀನಪ್ಪ.”

“ನಾನೂ ಬರ್ತೀನಿ. ಹಿಂದೆ ಹಿಂದೆ ಇರ್ತೀನಿ, ಆಯ್ತಾ?”

“ಬೇಡಪ್ಪಾ! ಅವರೆಲ್ಲ ಹಿಪ್ ಆಗಿರೋರು. ನೀನು ಆ ಕಂದು ಕೋಟು ಹಾಕ್ಕೊಂಡು ಬಂದ್ರೆ... ಬೇಡ ಅಂದ್ರೆ ಬೇಡ.”

ನನಗೆ ಮೈಯೆಲ್ಲ ಉರಿಯಿತು. ಕೂದಲು ನೆಟ್ಟಗೆ ಮಾಡುವ ಬಿಸಿ ಬಾಚಣಿಗೆ ಕೈಯಲ್ಲಿತ್ತು. ಕಿವಿಗೆ ಒಂದಿಷ್ಟು ತಾಗಿಸಿಬಿಡೋಣ ಅನ್ನಿಸಿತು. ಅವನು ಮಾತ್ರ ತಲೆಯಾಡಿಸಿ ಹೋದ.

ಮರುದಿನ ನನ್ನ ಬಾಗಿಲಲ್ಲಿ ನಿಂತು, “ಮಿಸ್ ಝೆಲ್ಮಾ, ಹಿಪ್ ಅಂದ್ರೆ ಏನು?” ಎಂದ.

“ಬಟ್ಟೆ ಅಲ್ಲ ಕಣ್ರೀ ಅದು. ಯಾವುದು ಬಂತು, ಯಾವುದು ಹೋಯ್ತು, ಎಲ್ಲಿ ಕೂತ್ಕೋಬೇಕು, ಯಾವಾಗ ಎದ್ದು ಹೋಗ್ಬೇಕು, ಇದೆಲ್ಲ ಯಾರೂ ಹೇಳ್ದೇನೇ ಗೊತ್ತಿರೋದು. ಬಾಯಿಬಿಟ್ಟು ಕೇಳಿದ್ರೆ ಅಲ್ಲಿಗೆ ಮುಗೀತು.”

“ಹಾಗಾದ್ರೆ ಈಗ ನಾನು ಕೇಳಿದ್ದು?”

“ಮುಗೀತು!”

ಇಬ್ಬರೂ ನಕ್ಕೆವು. ಆದರೆ ಅವನ ಕಣ್ಣು ನಗಲಿಲ್ಲ. ಹಿಪ್ ಎಂದು ಮೊಳೆ ಹೊಡೆದಂತೆ ಹೇಳಿ ಬಿಟ್ಟುಹೋದ ಬಟ್ಟೆಯೊಂದು ತನ್ನ ಅಂಗಡಿಯಲ್ಲೇ ಇದೆಯಲ್ಲ ಎಂದು ಅವನು ಲೆಕ್ಕ ಹಾಕುತ್ತಿರಬಹುದೆಂದು ನನಗೆ ಹೇಗೆ ತೋಚಬೇಕು? ಒಂದು ಕಾಲದಲ್ಲಿ ಹಿಪ್ ಆಗಿದ್ದದ್ದು ಎಂದೆಂದಿಗೂ ಹಾಗೇ ಇರುತ್ತದೆ ಎಂದುಕೊಂಡ ಪುಣ್ಯಾತ್ಮ. ಅಂಗಡಿಯ ಹಿಂದುಗಡೆ ಕಾಲ ನಿಂತುಬಿಟ್ಟಿತ್ತು ನೋಡಿ.

ಭಾನುವಾರ ಬಿಸಿಲು ಚೆನ್ನಾಗಿತ್ತು. ಸಿಸ್ಟರ್ ಕ್ರಂಪ್ಟನ್ ಚರ್ಚಿನ ಮೆಟ್ಟಿಲ ಮೇಲೆ ಹೆಂಗಸರ ಜೊತೆ ನಿಂತಿದ್ದಳು. ವರ್ಡೆಲ್ ಹಳದಿ ಟೋಪಿ ಹಾಕಿಕೊಂಡು ಗೆಳೆಯರ ನಡುವೆ ಹೂವಿನಂತೆ ಕಾಣುತ್ತಿದ್ದಳು. ಆಗ ಜನರ ನಡುವೆ ಒಂದು ಬಗೆಯ ಗುಜುಗುಜು ಹುಟ್ಟಿತು. ನೋಡುತ್ತೇನೆ, ಲೂಶಿಯಸ್! ರೋಸ್ಕೋನ ತಿಳಿನೀಲಿ ಸೂಟಿನೊಳಗೆ ಮುಳುಗಿಹೋಗಿದ್ದಾನೆ. ಭುಜ ಎರಡೂ ಕಡೆ ಜೋತುಬಿದ್ದಿವೆ. ಸೊಂಟದಿಂದ ಮೊಣಕಾಲಿನವರೆಗೆ ಜೋಲುವ ಗಡಿಯಾರದ ಸರಪಳಿ ಬೇರೆ. ಒಂದು ಕಾಲು ಎಳೆದು ಬಳುಕುತ್ತಾ ನಡೆಯುವುದನ್ನು ಎಲ್ಲಿ ಅಭ್ಯಾಸ ಮಾಡಿದನೋ! ಅಯ್ಯೋ ದೇವರೇ, ಇವನನ್ನು ಯಾರಾದರೂ ಎಳೆದುಕೊಂಡು ಹೋಗಬಾರದೇ ಎಂದುಕೊಂಡೆ.

ಅವನು ಮಗಳ ಗುಂಪಿನತ್ತ ಕೈಯೆತ್ತಿ, ಮುಖವೆಲ್ಲ ನಗು ಮಾಡಿಕೊಂಡು, “ಹೇಗೆ? ಹಿಪ್ ಆಗಿದ್ದೀನಾ?” ಎಂದು ಕೂಗಿದ.

ಹುಡುಗರು ಹೊಟ್ಟೆ ಹಿಡಿದು ನಕ್ಕರು. “ಯಾವ ಅಟ್ಟದಿಂದ ಇಳಿಸಿದ್ರೋ ಇವನ್ನ? ಯುದ್ಧ ಮುಗೀತು ಅಂತ ಹೇಳಿ ಯಾರಾದ್ರೂ!” ಎಂದ ಪಾದ್ರಿಯ ಮಗ. ಡಾಕ್ಟರ ಮಗಳು, “ವರ್ಡೆಲ್, ನಿನ್ನ ಕಡೆನೇ ಕೈ ಬೀಸ್ತಿದ್ದಾನೆ ಕಣೇ. ಯಾರು?” ಎಂದಳು.

ವರ್ಡೆಲ್ ಮುಖ ಸುಟ್ಟಂತಾಯಿತು. “ನಮ್ಮ ಬೀದಿ ಇಸ್ತ್ರಿಯವನು. ಎಲ್ಲರಿಗೂ ಹಾಗೇ ಕೈ ಬೀಸ್ತಾನೆ, ಬನ್ನಿ ಹೋಗೋಣ” ಎಂದಳು.

ಅವನಿಗೆ ಕೇಳಿಸಿತು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಟೋಪಿ ಸರಿಮಾಡಿಕೊಂಡ. ಆಮೇಲೆ ಗಿರಕ್ಕನೆ ತಿರುಗಿ ಬಂದ ದಾರಿಯಲ್ಲೇ ಬಿರಬಿರನೆ ಹೊರಟ. ಚರ್ಚಿನ ಮೆಟ್ಟಿಲ ಮೇಲಿದ್ದವರಿಗೆ ಈಗ ಕಾಣುತ್ತಿದ್ದದ್ದು ಅವನ ಬೆನ್ನು ಮಾತ್ರ.

“ರೋಸ್ಕೋ!”

ಆ ಕೂಗಿಗೆ ನಾನು ತಿರುಗಿದೆ. ಸಿಸ್ಟರ್ ಕ್ರಂಪ್ಟನ್ ಮೆಟ್ಟಿಲಿಳಿದು ಓಡುತ್ತಿದ್ದಳು. ನೆಟ್ಟಗೆ ನಡೆಯಲಾಗದ ಮುದುಕಿ, ಜನರನ್ನು ತಳ್ಳಿಕೊಂಡು, ಟೋಪಿ ಬಿದ್ದದ್ದೂ ತಿಳಿಯದೆ ಓಡುತ್ತಿದ್ದಳು. “ನಿಲ್ಲೋ! ನಿಲ್ಲೋ ನನ್ನಪ್ಪಾ, ಅಮ್ಮ ಕಣೋ!” ಹೋಗಿ ತೋಳು ಹಿಡಿದು ತಿರುಗಿಸಿದಳು.

ತಿರುಗಿದ್ದು ಲೂಶಿಯಸ್‌ನ ಮುಖ. ಅವಳು ನಂಬಲಿಲ್ಲ. ಮುಖ ಬಿಟ್ಟು ಕೋಟನ್ನು ನೋಡಿದಳು, ಗುಂಡಿ ಮುಟ್ಟಿದಳು, ಮತ್ತೆ ಮುಖ ನೋಡಿದಳು.

“ಇದು ನನ್ನ ಮಗಂದು. ನೀವ್ಯಾಕೆ ಹಾಕ್ಕೊಂಡ್ರಿ?”

“ತಪ್ಪಾಯ್ತು ಸಿಸ್ಟರ್. ಕ್ಷಮಿಸಿ ಅನ್ನೋಕೂ ನನಗೆ ಮುಖ ಇಲ್ಲ.”

ಕೋಟು ಬಿಚ್ಚಿದ. ಅಷ್ಟು ಜನರ ನಡುವೆಯೂ ಒಂದು ಸುಕ್ಕಿಲ್ಲದಂತೆ ಮಡಿಸಿ ಅವಳ ಕೈಗಿಟ್ಟ. ಒಳಗಿನ ಅಂಗಿಯ ಕಂಕುಳು ಹರಿದಿತ್ತು. “ಪ್ಯಾಂಟೂ ಅವನದೇ” ಎಂದಳು ಅವಳು. “ಹೌದು ತಾಯಿ. ಮನೆಗೆ ಹೋಗಿ ತಂದ್ಕೊಡ್ತೀನಿ” ಎಂದ ಅವನು. ಯಾರೋ ನಕ್ಕರು. ಆ ನಕ್ಕವರ ಹಲ್ಲು ಉದುರಿಸಬೇಕಿತ್ತು ನಾನು.

ಅವಳು ನಗುವವರ ಕಡೆ ನೋಡಲಿಲ್ಲ. ಕೋಟನ್ನು ಕೂಸಿನಂತೆ ಎದೆಗವಚಿಕೊಂಡು, “ಅವನು ಬರಲ್ಲ, ಅಲ್ವಾ ಮಿಸ್ಟರ್ ಪೆಟ್ವೇ?” ಎಂದಳು.

ನಾವ್ಯಾರೂ ಆಡದ ಮಾತನ್ನು ಅವನು ಆಡಬೇಕಾಯಿತು. “ಇಲ್ಲ ಸಿಸ್ಟರ್” ಎಂದ.

ಮುದುಕಿ ಅಲ್ಲೇ ಕುಸಿದಳು. ನಾನೂ ಇನ್ನಿಬ್ಬರೂ ಓಡಿಹೋಗಿ ಹಿಡಿದುಕೊಂಡೆವು. ಜನ ಕೆರಳಿದರು. “ಗಿರಾಕಿ ಬಟ್ಟೆ ಕದ್ದು ಮೆರಿಯೋಕೆ ಬಂದಿದ್ದಾನೆ! ಸತ್ತ ಹುಡುಗನ ಬಟ್ಟೆ ಕಣ್ರೋ!” ಚರ್ಚಿನ ಬಾಗಿಲು ಕಾಯುವ ದಾಂಡಿಗನೊಬ್ಬ ಬಂದು ಅವನ ಅಂಗಿಯ ಕೊರಳಪಟ್ಟಿ ಹಿಡಿದು ಅಲ್ಲಾಡಿಸಿದ. “ನಾಚಿಕೆ ಆಗಲ್ವೇನಯ್ಯಾ ನಿನಗೆ? ಯಾರ ಕಡೆಯೋನು ನೀನು? ಇಲ್ಲಿ ನಿನ್ನೋರು ಅಂತ ಯಾರಾದ್ರೂ ಇದ್ದಾರಾ?”

ಲೂಶಿಯಸ್ ನೆಲ ನೋಡುತ್ತಾ ನಿಂತ. ನಾನು ಮುದುಕಿಯ ತಲೆ ಹಿಡಿದುಕೊಂಡೇ ವರ್ಡೆಲ್‌ಳನ್ನು ಹುಡುಕಿದೆ. ಗುಂಪಿನ ಅಂಚಿನಲ್ಲಿದ್ದಳು. ಬಾರೇ, ಬಾಯಿಬಿಡೇ ಎಂದು ಮನಸ್ಸಿನಲ್ಲೇ ಬೈದೆ. ಡಾಕ್ಟರ ಮಗಳು ಅವಳ ಕೈಹಿಡಿದು ಎಳೆಯುತ್ತಿದ್ದಳು. ಇವಳು ಆ ಕೈ ಕೊಡವಿಕೊಂಡು ಜನರ ನಡುವೆ ನುಗ್ಗಿ ಬಂದಳು.

“ಬಿಡ್ರೀ ಅವರನ್ನ! ನಮ್ಮಪ್ಪ ಅವರು!”

ಎಲ್ಲರೂ ಅವಳತ್ತ ತಿರುಗಿದರು. ಅವಳ ಗೆಳೆಯರು ಬಾಯಿ ತೆರೆದು ನಿಂತರು. ಲೂಶಿಯಸ್ ತಲೆಯೆತ್ತಿ ಮಗಳನ್ನು ನೋಡಿದ. ಅವಳ ಹೊಸ ಟೋಪಿ ನೋಡಿದ, ಹಿಂದೆ ನಿಂತಿದ್ದ ಕಪ್ಪು ಕೋಟಿನ ಹುಡುಗರನ್ನು ನೋಡಿದ, ನೆಲದ ಮೇಲಿದ್ದ ಸಿಸ್ಟರ್ ಕ್ರಂಪ್ಟನ್‌ಳನ್ನು ನೋಡಿದ. ಆಮೇಲೆ ಆ ದಾಂಡಿಗನ ಕಡೆ ತಿರುಗಿದ.

“ಇಲ್ಲ ಸಾರ್” ಎಂದ. “ಪಾಪ, ಒಳ್ಳೇ ಹುಡುಗಿ, ನನಗೆ ಏಟು ಬೀಳುತ್ತೆ ಅಂತ ಹಾಗೆ ಹೇಳ್ತಿದ್ದಾಳೆ. ನನಗೆ ಯಾರೂ ಇಲ್ಲ.”

ಗೊತ್ತಿಲ್ಲದವರೆಲ್ಲ ಅವನ ಮಾತನ್ನೇ ನಂಬಿದರು, ಗೊತ್ತಿದ್ದ ನಾನು ಅಲ್ಲಗಳೆಯಲಿಲ್ಲ. ದಾಂಡಿಗ ಅವನನ್ನು ನೂಕಿ ಬಿಟ್ಟ. ಹರಿದ ಅಂಗಿಯಲ್ಲಿ, ಸೊಂಟದಿಂದ ಜಾರುತ್ತಿದ್ದ ಸತ್ತವನ ಪ್ಯಾಂಟನ್ನು ಎರಡೂ ಕೈಯಲ್ಲಿ ಎತ್ತಿಹಿಡಿದುಕೊಂಡು ಅವನು ಮನೆಯ ಕಡೆ ನಡೆದ. ವರ್ಡೆಲ್ “ಅಪ್ಪಾ, ಅಪ್ಪಾ” ಎಂದು ಅಳುತ್ತಾ ಬೀದಿಯುದ್ದಕ್ಕೂ ಹಿಂದೆ ಹೋದಳು. ಜನ ನೋಡುತ್ತಿರುವವರೆಗೂ ಅವನು ತಿರುಗಲಿಲ್ಲ.