ಮೂಲೆಯೊಳಗಿನ ತುಂಡುಬಟ್ಟೆ

ಹಾಸಿಗೆ ಹೊಲಿಯುವವಳ ಅಂಗಡಿ ಓಣಿಯ ತಿರುವಿನಲ್ಲಿತ್ತು. ಅಂಗಡಿಯೆಂದರೆ ಎರಡು ಮಂಚದಷ್ಟು ಜಾಗ, ಒಂದು ತಕ್ಕಡಿ, ಗೇಣುದ್ದದ ಸೂಜಿ. ಹದಿನಾರು ವರ್ಷದಿಂದ ಓಣಿಯವರೆಲ್ಲ ಬೆನ್ನು ಚಾಚಿದ್ದು ಅವಳ ಹೊಲಿಗೆಯ ಮೇಲೆಯೇ. ಬಿಳಿ ದಾರದ ಸಾಲಿನ ಕೊನೆಗೆ ಒಂದೇ ಒಂದು ಕೆಂಪು ಹೊಲಿಗೆ ಹಾಕುವುದು ಅವಳ ರೂಢಿ. ಅದೇ ಅವಳ ಸಹಿ.

ಈಗ ಆ ಸಹಿಯೇ ಕುತ್ತಿಗೆಗೆ ಬಂದಿತ್ತು. ಎದುರಿನ ಶಿಶುವಿಹಾರದ ಗೋಡೆಯ ಬುಡಕ್ಕೆ ಯಾರೋ ನಾಲ್ಕು ಹಳೆಯ ಹಾಸಿಗೆ ಎಸೆದು ಹೋಗಿದ್ದರು. ಒಂದು ಬಿದ್ದ ಕಡೆ ಹತ್ತು ಬೀಳುತ್ತವೆ: ಒಡೆದ ಟ್ಯೂಬ್‌ಲೈಟು, ಸತ್ತ ಬ್ಯಾಟರಿ, ತಳದಲ್ಲಿ ಬಣ್ಣ ಉಳಿದ ಡಬ್ಬ. ಪುಟ್ಟ ಕಾಲುಗಳು ನಡೆಯುವ ದಾರಿ ಅದು. ಅವಳ ಮಗಳ ಕಾಲೂ. ಮಗು ಮನೆಗೆ ಬಂದ ಕೂಡಲೇ ಅಂಗಾಲು ತಿರುಗಿಸಿ ನೋಡದೆ ಅವಳಿಗೆ ಸಮಾಧಾನವಿರಲಿಲ್ಲ.

ಓಣಿಯ ಸಂಘದವರು ದೂರು ಕೊಟ್ಟ ಮೇಲೆ ನಗರಸಭೆಯ ಇನ್ಸ್‌ಪೆಕ್ಟರ್ ಬಂದರು. ಹಾಸಿಗೆಗಳನ್ನು ಬಗ್ಗಿ ನೋಡಿ ನೇರ ಅವಳ ಅಂಗಡಿಗೆ ನಡೆದರು.

"ನಾಲ್ಕಕ್ಕೆ ನಾಲ್ಕೂ ನಿನ್ನ ಹೊಲಿಗೇನೇ ಅಲ್ವೇನಮ್ಮ?"

"ಹೊಲಿಗೆ ನಂದೇ ಸಾರ್. ಎಸೆದಿದ್ದು ನಾನಲ್ಲ."

"ಎಲ್ಲಾರೂ ಹೇಳೋದು ಹಾಗೇನೇ. ಸೋಮವಾರ ಬರ್ತೀನಿ. ಯಾರದು ಅಂತ ತೋರ್ಸು, ಇಲ್ಲಾ ಅಂಗಡಿ ಖಾಲಿ ಮಾಡು."

ಸಂಘದ ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ಟರು ಅಲ್ಲೇ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಅಂಗಡಿ ಹೋದರೆ ಅನ್ನ ಹೋದಂತೆ. ಅವಳು ಹತ್ತಿಯ ಮೂಟೆಗೆ ಒರಗಿ ಕಣ್ಣೊರೆಸಿಕೊಂಡಳು. ಅವಳಿಗೆ ಈ ಕಸುಬು ಕಲಿಸಿದ ಅತ್ತೆ ಬೆಳ್ಳುಳ್ಳಿ ಬಿಡಿಸುತ್ತಾ ತಲೆಯೆತ್ತಲಿಲ್ಲ.

"ಅತ್ತೂ ಅತ್ತೂ ಹತ್ತಿ ನೆನೆಸ್ಬೇಡ ಕಣೇ. ಮೂಲೆ ಬಿಚ್ಚಿ ನೋಡಿದ್ಯಾ?"

ಅವಳು ಎದ್ದು ಕುಳಿತಳು. ಇದ್ದಬದ್ದ ಬುದ್ಧಿಯನ್ನೆಲ್ಲ ಭಯ ನುಂಗಿತ್ತಲ್ಲ! ಹತ್ತು ಮನೆಯ ಹತ್ತಿ ಒಟ್ಟಿಗೆ ಹಿಂಜಲು ಬಂದರೆ ಅದಲುಬದಲಾಗದಿರಲೆಂದು, ಆಯಾ ಮನೆಯ ಹಳೆಬಟ್ಟೆಯ ಒಂದು ತುಂಡನ್ನು ಹಾಸಿಗೆಯ ಬಲಮೂಲೆಯೊಳಗೆ ಸೇರಿಸಿ ಹೊಲಿಯುವುದು ಅತ್ತೆಯ ಕಾಲದ ಕ್ರಮ. ಮಲಗುವವರಿಗೆ ಅದರ ಸುಳಿವೇ ಇರುವುದಿಲ್ಲ.

ಸೋಮವಾರ ಇನ್ಸ್‌ಪೆಕ್ಟರ್ ಮತ್ತು ಓಣಿಯವರೆಲ್ಲರ ಎದುರು ಕತ್ತರಿ ಹಿಡಿದಳು. ಮೊದಲ ಮೂಲೆಯಿಂದ ಹಳದಿ ಹೂವಿನ ಪರದೆಯ ತುಂಡು ಬಂತು. ಔಷಧಿ ಅಂಗಡಿಯವನ ಹೆಂಡತಿ ಮೆಲ್ಲಗೆ ಹಿಂದಕ್ಕೆ ಸರಿದಳು. ಎರಡನೆಯದೂ ಮೂರನೆಯದೂ ಕೊನೆಯ ಮನೆಯ ಅಣ್ಣತಮ್ಮಂದಿರವು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಲ್ಕನೆಯದರಲ್ಲಿ ನೀಲಿ ಗೀಟಿನ ಅಂಗಿಯ ತುಂಡು. ಅದನ್ನು ನೋಡಿ ಅವಳ ಕೈಯೇ ನಿಂತಿತು.

"ಕೊಡಮ್ಮ, ನಂದೇ ಅದು," ಎಂದರು ಹೆಡ್‌ಮಾಸ್ಟರು. "ಕಸದ ಗಾಡಿಯವ್ನು ಮುಟ್ಟಲ್ಲ ಅಂದ. ಗುಜರಿಯವ್ನು ನಕ್ಕ. ಹದಿನೈದು ದಿನ ಮೆಟ್ಟಿಲ ಕೆಳಗೆ ಇಟ್ಕೊಂಡಿದ್ದೆ. ಎಲ್ಲಿಗೆ ಹಾಕ್ಲಿ ಹೇಳು."

"ಕೇಳಿದ್ರೆ ನಾನೇ ತಗೊಳ್ತಿದ್ದೆ ಮೇಷ್ಟ್ರೇ. ಒಳಗೆ ಅರ್ಧ ಹತ್ತಿ ಇನ್ನೂ ಚೆನ್ನಾಗಿದೆ."

ಇನ್ಸ್‌ಪೆಕ್ಟರ್ ಬಾಯಿ ತೆರೆಯುವ ಮೊದಲೇ ಅವಳು ಅತ್ತ ತಿರುಗಿದಳು.

"ಹಾಸಿಗೆ ನನ್ನ ಪಾಲಿಗಿರ್ಲಿ ಸಾರ್. ಟ್ಯೂಬು, ಬ್ಯಾಟರಿ, ಬಣ್ಣದ ಡಬ್ಬ ನಿಮ್ಮ ಪಾಲು. ತಿಂಗಳಿಗೊಂದ್ಸಲ ಗಾಡಿ ಕಳಿಸಿ, ಅಲ್ಲೀವರೆಗೆ ಇಡೋಕೆ ಬೀಗ ಇರೋ ಪೆಟ್ಟಿಗೆ ಕೊಡಿ. ಬರೆದು ಕೊಡಿ."

ಖಾಲಿ ಮಾಡಿಸಲು ಬಂದ ಇನ್ಸ್‌ಪೆಕ್ಟರ್ ಅವಳ ತಕ್ಕಡಿಯ ಮೇಲೆಯೇ ಕಾಗದವಿಟ್ಟು ಬರೆದುಕೊಟ್ಟರು.

ತಿಂಗಳೊಳಗೆ ಪೆಟ್ಟಿಗೆ ಬಂತು, ಗಾಡಿಯೂ ಬಂತು. ಗೋಡೆಯ ಬುಡ ಗುಡಿಸಿದ ಅಂಗಳದಂತಾಯಿತು. ಹಳೆಯ ಹತ್ತಿಯನ್ನು ಹಿಂಜಿ, ಬಿಸಿಲಿಗೆ ಹಾಕಿ, ಶಿಶುವಿಹಾರಕ್ಕೆ ಹನ್ನೆರಡು ಪುಟ್ಟ ಹಾಸಿಗೆ ಹೊಲಿದಳು. ಪ್ರತಿಯೊಂದಕ್ಕೂ ಒಂದು ಕೆಂಪು ಹೊಲಿಗೆ. ಹೆಡ್‌ಮಾಸ್ಟರೇ ತಲೆಯ ಮೇಲೆ ಹೊತ್ತು ರಸ್ತೆ ದಾಟಿಸಿದರು.

ಮಧ್ಯಾಹ್ನ ಅತ್ತೆ ಸೊಸೆ ಶಿಶುವಿಹಾರದ ಕಿಟಕಿಯಲ್ಲಿ ಇಣುಕಿದರು. ಮಗಳು ಬರಿಗಾಲು ಚಾಚಿ ಮಲಗಿದ್ದಳು. ಅಂಗಾಲಿನಲ್ಲಿ ಬರೀ ಧೂಳು.

"ಮೇಷ್ಟ್ರ ಹತ್ತಿ ಮೇಲೆ ಮಕ್ಳು ಹೇಗೆ ಗೊರಕೆ ಹೊಡೀತಾವೆ ನೋಡು," ಎಂದರು ಅತ್ತೆ. "ಅವ್ರ ಪಾಠದಲ್ಲೂ ಹೀಗೇ ಮಲಗ್ತಿದ್ವಂತೆ."