ಹೊಸ್ತಿಲ ಮೇಲಿನ ಸೀನು

ದಂಡೋತಿಯ ನಮ್ಮ ನೆರೆಮನೆಯ ಮಾಸ್ತರರಿಗೆ ಧೂಳು ತಾಗಿದರೆ ಸಾಕು, ಸಾಲುಸಾಲಾಗಿ ಸೀನು. ಅಲರ್ಜಿಗೆ ಎರಡು ವರ್ಷ, ವಾರಕ್ಕೊಂದು ಇಂಜೆಕ್ಷನ್ ತಪ್ಪಿಸಬಾರದು ಎಂದಿದ್ದರು ಸೇಡಂ ಡಾಕ್ಟರು. ಪ್ರತಿ ಸೋಮವಾರ ಟೋಪಿ ಇಟ್ಟು ನನ್ನೊಡನೆ ಬಸ್ಸಿಗೆ ಹೊರಡುವರು. ಹೊಸ್ತಿಲಲ್ಲೇ ಸೀನು! “ತಡೀರಿ, ಅಪಶಕುನ ಆಯ್ತು” ಎಂದು ಒಳಗೆ ಹೋಗಿ, ನೀರು ಕುಡಿದು ಕೂರುವರು. ಅಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು.

ಸೀನು ಬಾರದ ವಾರಗಳಲ್ಲಿ ಹೋಗಿ ಹೇಗೋ ಆರು ಇಂಜೆಕ್ಷನ್ ಮುಗಿದವು. ಸೀನು ನಿಂತಿತು, ಮಾಸ್ತರರೂ ಹೋಗುವುದನ್ನು ನಿಲ್ಲಿಸಿದರು. ಸುಗ್ಗಿಯಲ್ಲಿ ಜೋಳದ ರಾಶಿಯ ಧೂಳಿಗೆ ಉಸಿರೇ ಕಟ್ಟಿತು. ನಾನೇ ಸೇಡಮ್ಮಿಗೆ ಕರೆದೊಯ್ದೆ.

“ನಡುವ ಯಾಕ ಬಿಟ್ರಿ ಮಾಸ್ತರ?” ಡಾಕ್ಟರು ಗದರಿದರು.

ಮಾಸ್ತರರು ಮಕ್ಕಳಿಗೆ ಲೆಕ್ಕ ಬಿಡಿಸಿ ಹೇಳುವ ದನಿಯಲ್ಲಿ ಅಂದರು: “ಸೀನು ಬಂದ್ರ ಹೆಂಗ ಬರ್ಬೇಕ್ರಿ? ಬರ್ಲಿಲ್ಲಂದ್ರ ಯಾಕ ಬರ್ಬೇಕ್ರಿ?”